‘ರಾಜ್ಯಗಳ ಹಕ್ಕು’ ಅಂದವರಿಗೆ ಎರಡು ಬಣ್ಣದ ಪೆನ್ಸಿಲ್ ಕೊಡಿ

ನಾವಿರೋದು ಅಮೆರಿಕದ ನಾರ್ತ್ ಕೆರೊಲಿನಾದ ಷಾರ್ಲಟ್‌ನಲ್ಲಿ, ಅರ್ಧ ಗಂಟೆ ಕಾರು ಓಡಿಸಿದರೆ ಸೌತ್ ಕೆರೊಲಿನಾ. ಮಗಳಿಗೆ ಶಾಲೆಯಲ್ಲಿ ಅಮೆರಿಕದ ಅಂತರ್ಯುದ್ಧದ ಪ್ರಾಜೆಕ್ಟ್ ಕೊಟ್ಟಿದ್ದರು, ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಉತ್ತರದವರ ಜೊತೆ ಕಾದ ಯುದ್ಧ ಅದು. ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟರು: ‘ಗುಲಾಮಗಿರಿಗಲ್ಲ, ರಾಜ್ಯಗಳ ಹಕ್ಕಿಗಾಗಿ ನಡೆದ ಯುದ್ಧ.’ ಇಂಥ ಕಡೆ ವಾದಕ್ಕಿಳಿಯಬೇಡಿ. ಒಕ್ಕೂಟ ಬಿಟ್ಟವರೇ ಬರೆದಿಟ್ಟ ಕಾಗದ ತೆಗೆಯಿರಿ.

1860ರ ಡಿಸೆಂಬರ್ 20ಕ್ಕೆ ಸೌತ್ ಕೆರೊಲಿನಾ ಹೊರಬಂತು. 24ಕ್ಕೆ ಕಾರಣಗಳ ಘೋಷಣೆ ಹೊರಡಿಸಿತು. ಯೇಲ್ ವಿಶ್ವವಿದ್ಯಾಲಯದ ಹಳೆಯ ದಾಖಲೆಗಳ ಜಾಲತಾಣ ಅವಲಾನ್ ಪ್ರಾಜೆಕ್ಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಪ್ರಿಂಟ್ ತೆಗೆದುಕೊಳ್ಳಿ, ಗೀಟು ಎಳೆಯೋದಿದೆ. ರಾಜ್ಯದ ಸ್ವಾತಂತ್ರ್ಯದ ಮಾತಿಗೆ ನೀಲಿ, ಗುಲಾಮರ ಮಾತಿಗೆ ಕೆಂಪು.

ಶುರುವಿನಲ್ಲಿ ಹೆಚ್ಚುಕಡಿಮೆ ನೀಲಿಯೇ. 1776ರ ಸ್ವಾತಂತ್ರ್ಯ ಘೋಷಣೆ, 1783ರ ಬ್ರಿಟನ್ ಜೊತೆಗಿನ ಒಪ್ಪಂದ, ಸಂವಿಧಾನ ಅನ್ನೋದು ರಾಜ್ಯಗಳ ನಡುವಿನ ಕರಾರು, ಹೀಗೆ. ‘ಅಜ್ಜ ಹೇಳಿದ್ದೇ ಸರಿ’ ಅಂತ ಮಗಳು ಪೆನ್ಸಿಲ್ ಕೆಳಗಿಟ್ಟಳು. ಓದಿಸಿ, ಬಿಡಬೇಡಿ. ಕರಾರು ಮುರಿದದ್ದು ಯಾರು, ಹೇಗೆ ಅನ್ನುವಲ್ಲಿ ಕೆಂಪು ಶುರುವಾಗುತ್ತೆ: ಓಡಿಹೋದ ಗುಲಾಮರನ್ನು ಉತ್ತರದವರು ಹಿಡಿದೊಪ್ಪಿಸುತ್ತಿಲ್ಲವಂತೆ. ಮೇನ್‌ನಿಂದ ಅಯೊವಾವರೆಗೆ 13 ರಾಜ್ಯಗಳ ಹೆಸರು ಎತ್ತಿ, ಇವರೆಲ್ಲ ಕೇಂದ್ರದ ಕಾನೂನು ನಡೆಯದಂತೆ ತಮ್ಮದೇ ಕಾನೂನು ಮಾಡಿದ್ದಾರೆ ಅನ್ನುತ್ತೆ. ಗುಲಾಮನನ್ನು ಜೊತೆಗಿಟ್ಟುಕೊಂಡು ಹಾದುಹೋಗಲೂ ನ್ಯೂಯಾರ್ಕ್ ಬಿಡುತ್ತಿಲ್ಲ ಅಂತ ಬೇರೆ ಗೋಳು.

ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಿ: ಈಗ ಯಾವ ರಾಜ್ಯ ತನ್ನ ಹಕ್ಕು ಚಲಾಯಿಸುತ್ತಿದೆ? ಉತ್ತರದ್ದು! ದೂರು ಕೊಡುತ್ತಿರೋದು ದಕ್ಷಿಣ. 1832ರಲ್ಲಿ ಕೇಂದ್ರದ ಸುಂಕದ ಕಾನೂನು ನಮ್ಮಲ್ಲಿ ನಡೆಯೋಲ್ಲ ಅಂದದ್ದು ಇದೇ ಸೌತ್ ಕೆರೊಲಿನಾ ಅನ್ನೋದನ್ನೂ ಸೇರಿಸಿ.

ಇನ್ನೊಂದು ಹಾಳೆ, ಹೊರಬಂದ ರಾಜ್ಯಗಳು ಕಟ್ಟಿಕೊಂಡ ಒಕ್ಕೂಟವಾದ ಕಾನ್ಫೆಡರಸಿಯ 1861ರ ಮಾರ್ಚ್‌ನ ಸಂವಿಧಾನ. ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನನ್ನು ಅವರ ಕಾಂಗ್ರೆಸ್ ಮಾಡುವಂತಿಲ್ಲ ಅಂತ ಅದರಲ್ಲಿ ಬರೆದಿದೆ. ಹೊರಹೋಗುವ ಹಕ್ಕು? ಆ ಕಲಮನ್ನು ಬರೆದೇ ಇಲ್ಲ. ಪೀಠಿಕೆಯಲ್ಲಿರೋದು ‘ಶಾಶ್ವತ’ ಸರ್ಕಾರದ ಮಾತು.

ಎರಡು ಪ್ರಶ್ನೆ ಕಲಸಬೇಡಿ. ಹೊರಹೋಗೋಕೆ ಹಕ್ಕಿತ್ತೇ ಅನ್ನೋದು ನಿಜವಾದ ಚರ್ಚೆ. ಅಮೆರಿಕದ ಸಂವಿಧಾನ ಆ ಬಗ್ಗೆ ಬಾಯಿಬಿಟ್ಟಿರಲಿಲ್ಲ, ಸುಪ್ರೀಂ ಕೋರ್ಟ್ ‘ಹಕ್ಕಿಲ್ಲ’ ಅಂದದ್ದು 1869ರಲ್ಲಿ, ಟೆಕ್ಸಸ್ ಪ್ರಕರಣದಲ್ಲಿ. ಯಾಕೆ ಹೋದರು ಅನ್ನೋದು ಬೇರೆ. ಉತ್ತರದವರನ್ನೂ ದೇವರು ಮಾಡಬೇಡಿ: ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಅದನ್ನು ಮುಟ್ಟೋಲ್ಲ ಅಂತ ಲಿಂಕನ್ ಅಧ್ಯಕ್ಷರಾಗಿ 1861ರ ಮಾರ್ಚ್ 4ಕ್ಕೆ ಮಾಡಿದ ಮೊದಲ ಭಾಷಣದಲ್ಲೇ ಹೇಳಿದ್ದರು.

ಅಷ್ಟು ಪುರುಸೊತ್ತಿಲ್ಲವಾ? ಒಕ್ಕೂಟ ಬಿಟ್ಟ ಇನ್ನೊಂದು ರಾಜ್ಯ ಮಿಸಿಸಿಪ್ಪಿಯ ಘೋಷಣೆ ತೆಗೆಯಿರಿ. ನಮ್ಮ ನಿಲುವು ಪೂರ್ತಿ ಗುಲಾಮಗಿರಿಯ ಜೊತೆಗೇ ಬೆಸೆದಿದೆ ಅಂತ ಎರಡನೇ ವಾಕ್ಯದಲ್ಲೇ ಬರುತ್ತೆ. ನೀಲಿ ಪೆನ್ಸಿಲ್ ಚೂಪು ಮಾಡೋ ಕೆಲಸ ತಪ್ಪುತ್ತೆ.