ಹಲ್ಲು ಹುಳುಕು: ಏನು ತಿಂದಿರಿ ಅನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ನೋಡಿ

ಮೊನ್ನೆ ಮಗಳ ಬಾಯಿಗೆ ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ದವಡೆ ಹಲ್ಲಿನ ಗೆರೆಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ. ಹುಳ ಅಲ್ಲ ಮಾರಾಯ್ರೆ, ಹಲ್ಲಿನಲ್ಲಿ ಹುಳ ಇರುವುದೇ ಇಲ್ಲ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಅದು ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮೆಲ್ ಅನ್ನು ಕರಗಿಸುತ್ತದೆ. ಜೊಲ್ಲು ಅದನ್ನು ಸರಿಮಾಡಲು ಸುಮಾರು ಅರ್ಧ ಗಂಟೆಯಾದರೂ ಬೇಕು. ಹಾಗಾಗಿ ನಮ್ಮ ಮಂಗಳೂರಿನ ಗಡ್‌ಬಡ್ ಐಸ್‌ಕ್ರೀಮ್ ಒಂದೇ ಸಲ ತಿಂದು ಮುಗಿಸಿದರೆ ಅಷ್ಟು ತೊಂದರೆಯಿಲ್ಲ, ಆದರೆ ಬಾಳೆಹಣ್ಣಿನ ಹಲ್ವವನ್ನು ಸಂಜೆಯಿಡೀ ಚೂರು ಚೂರೇ ಜಗಿಯುತ್ತಾ, ಮಧ್ಯೆ ಬನ್ಸ್, ಮೇಲೊಂದು ಸಿಹಿ ಚಾ ಅಂತ ಹೋದರೆ ಹಲ್ಲಿಗೆ ಬಿಡುವೇ ಸಿಗುವುದಿಲ್ಲ ಅಲ್ವಾ. ಬೆಲ್ಲವೂ ಸಕ್ಕರೆಯೇ, ಅಜ್ಜಿ ಬೈದರೂ ಸರಿ!

ಪ್ರಪಂಚದಲ್ಲಿ ಸುಮಾರು 200 ಕೋಟಿ ಜನರಿಗೆ ಶಾಶ್ವತ ಹಲ್ಲಿನಲ್ಲಿ ಹುಳುಕು ಉಂಟು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ರಾತ್ರಿ ಬ್ರಶ್ ಬಿಡಲೇಬೇಡಿ, ನಿದ್ದೆಯಲ್ಲಿ ಜೊಲ್ಲು ಕಡಿಮೆ. ಫ್ಲೋರೈಡ್ ಪೇಸ್ಟ್ 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಉಗಿದರೆ ಸಾಕು, ಸುಮ್ನೆ ನೀರು ಹಾಕಿ ಮುಕ್ಕಳಿಸಬೇಡಿ. ಇನ್ನೊಂದು, 6 ವರ್ಷದ ಹೊತ್ತಿಗೆ ಹಿಂದೆ ಬರುವ ದವಡೆ ಹಲ್ಲು ಹಾಲುಹಲ್ಲಲ್ಲ. ಅದರ ಗೆರೆ ಮುಚ್ಚುವ ಸೀಲೆಂಟ್ ಬೇಕಾ ಅಂತ ಹಲ್ಲಿನ ಡಾಕ್ಟರ ಹತ್ತಿರ ಕೇಳಿ.