ತೂಬು ಮುಚ್ಚಿ ನೋಡುವ ವಿದ್ಯೆ: ಇಲಿಯಲ್ಲಿ ಒಂದು ಜೀನ್ ತೆಗೆದು ಅದರ ಕೆಲಸ ತಿಳಿಯುವುದು ಹೇಗೆ?

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ನಮ್ಮ ಚಿಕ್ಕಮ್ಮನ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆವು. ಮಗುವಿಗೆ ಒಂದು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಕೈಯಲ್ಲಿದ್ದ ರಕ್ತಪರೀಕ್ಷೆಯ ವರದಿಯಲ್ಲಿ ಜಿಜೆಬಿ2 ಅನ್ನುವ ಒಂದು ಜೀನಿನ ಹೆಸರಿತ್ತು. ಕಾಯುವ ಬೆಂಚಿನ ಮೇಲೆ ಕೂತಾಗ ನಾನು ಚಿಕ್ಕಮ್ಮನಿಗೆ ಹೇಳಿದೆ, ಈ ಜೀನ್ ಕಿವಿಯೊಳಗೆ ಏನು ಮಾಡುತ್ತದೆ ಅನ್ನುವುದು ಹೆಚ್ಚಾಗಿ ಗೊತ್ತಾಗಿದ್ದು ಇಲಿಗಳಿಂದ ಅಂತ. ಅವರು ನನ್ನ ಮುಖ ನೋಡಿದರು. "ಇಲಿಗೂ ನಮ್ಮ ಕೂಸಿಗೂ ಏನಪ್ಪಾ ಸಂಬಂಧ?"

ಅವರದು ಮದ್ದೂರಿನ ಕಡೆ. ಗದ್ದೆಗೆ ನಾಲೆಯ ನೀರು. ಅದಕ್ಕೇ ತಿರುಗಿ ಕೇಳಿದೆ: "ಯಾವ ತೂಬಿನ ನೀರು ಯಾರ ಗದ್ದೆಗೆ ಹೋಗುತ್ತದೆ ಅಂತ ಹೊಸ ನೀರುಗಂಟಿಗೆ ಹೇಗೆ ಗೊತ್ತಾಗಬೇಕು?" ಥಟ್ಟನೆ ಉತ್ತರ ಬಂತು. "ಮುಚ್ಚಿ ನೋಡಿದ್ರೆ ಆಯ್ತು. ಯಾರ ಗದ್ದೆ ಒಣಗ್ತದೋ ಅವರೇ ಓಡಿ ಬಂದು ಜಗಳ ಆಡ್ತಾರೆ."

ಅಷ್ಟೇ ವಿಷಯ. ಒಂದು ಜೀನನ್ನು ಮುಚ್ಚಿ, ಏನು ಒಣಗುತ್ತದೆ ಅಂತ ನೋಡುವುದು. ಹಾಗೆ ಒಂದು ಜೀನ್ ಕೆಲಸ ಮಾಡದಂತೆ ಮಾಡಿದ ಇಲಿಗೆ ನಾಕೌಟ್ ಇಲಿ ಅನ್ನುತ್ತಾರೆ. ಆದರೆ ಯಾವ ತೂಬು, ಎಷ್ಟು ಹೊತ್ತು, ಎಲ್ಲಿ ಅನ್ನುವುದನ್ನು ಸರಿಯಾಗಿ ಯೋಚಿಸದೆ ಮುಚ್ಚಿದರೆ ಉತ್ತರ ಸಿಗುವುದಿಲ್ಲ, ಇಲಿ ಸಾಯುತ್ತದೆ. ಜಿಜೆಬಿ2 ಕಥೆಯಲ್ಲಿ ಆಗಿದ್ದೂ ಅದೇ. ಹಾಗಾಗಿ ಆ ಜೀನನ್ನೇ ಹಿಡಿದು ಮೊದಲಿನಿಂದ ಹೇಳುತ್ತೇನೆ.

ಮೊದಲು ಮನುಷ್ಯರು, ಆಮೇಲೆ ಇಲಿ

ಕೆಲಸ ಶುರುವಾಗುವುದು ಲ್ಯಾಬಿನಲ್ಲಲ್ಲ, ಮನೆತನಗಳಲ್ಲಿ. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತದೆ, ಮಕ್ಕಳಲ್ಲಿ ಒಬ್ಬರಿಗೋ ಇಬ್ಬರಿಗೋ ಕೇಳುವುದಿಲ್ಲ. ಇಂಥ ಮನೆಗಳವರ ಡಿಎನ್‌ಎ ಹೋಲಿಸಿ ನೋಡಿದಾಗ, 1997ರಲ್ಲಿ ಜಿಜೆಬಿ2 ಸಿಕ್ಕಿತು. ಒಂದೊಂದು ಜೀನಿಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತದೆ, ಅಪ್ಪನಿಂದೊಂದು ಅಮ್ಮನಿಂದೊಂದು. ಇಂಥ ಮನೆಗಳಲ್ಲಿ ಎರಡೂ ಕೆಟ್ಟಿದ್ದರೆ ಮಾತ್ರ ಕಿವಿ ಕೇಳುವುದಿಲ್ಲ. ನಮ್ಮಲ್ಲಿ ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ರೂಢಿ. ಒಂದೇ ಅಜ್ಜನಿಂದ ಬಂದ ಕೆಟ್ಟ ಪ್ರತಿ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿ. ಇದರಲ್ಲಿ ಯಾರ ತಪ್ಪೂ ಇಲ್ಲ, ಯಾವ ಶಾಪವೂ ಇಲ್ಲ. ತಾಯಂದಿರು ಈ ವಿಷಯಕ್ಕೆ ಎಷ್ಟು ಕಣ್ಣೀರು ಹಾಕಿದ್ದಾರೆ ಅಂತ ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈ ಜೀನ್ ಹೇಳಿಕೊಟ್ಟಂತೆ ಜೀವಕೋಶ ಕನೆಕ್ಸಿನ್ 26 ಅನ್ನುವ ಪ್ರೋಟೀನ್ ಮಾಡುತ್ತದೆ. 226 ಮಣಿಗಳ ಸರ ಅಂದುಕೊಳ್ಳಿ. ಅಂಥ ಆರು ಸೇರಿ ಒಂದು ಅರ್ಧ ಕೊಳವೆ. ಪಕ್ಕದ ಕೋಶದ ಅರ್ಧ ಕೊಳವೆ ಇದಕ್ಕೆ ಬಂದು ಕೂಡಿದರೆ ಎರಡು ಕೋಶಗಳ ನಡುವೆ ಒಂದು ದಾರಿ. ಭಾರತದ ಮನೆತನಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪೊಂದಿದೆ. ಜೀನಿನ 71ನೇ ಅಕ್ಷರ ಬದಲಾಗಿ, 24ನೇ ಮಣಿ ಪೋಣಿಸುವ ಜಾಗದಲ್ಲಿ "ಇಲ್ಲಿಗೆ ನಿಲ್ಲಿಸು" ಅನ್ನುವ ಸೂಚನೆ ಬಂದುಬಿಡುತ್ತದೆ. ಸರ 23 ಮಣಿಗೇ ನಿಂತಿತು. ಕೊಳವೆ ಆಗಲೇ ಇಲ್ಲ.

ಇಷ್ಟು ಗೊತ್ತಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೊಳವೆ ಇಲ್ಲದಿದ್ದರೆ ಕಿವಿ ಯಾಕೆ ಕೆಡಬೇಕು? ಬದುಕಿರುವ ಮಗುವಿನ ಒಳಕಿವಿ ಬಿಚ್ಚಿ ನೋಡಲು ಆಗುವುದಿಲ್ಲ. ಅದು ತಲೆಬುರುಡೆಯ ಗಟ್ಟಿ ಮೂಳೆಯೊಳಗೆ ಹುದುಗಿದೆ.

ಇಲಿಯೇ ಯಾಕೆ?

ಇಲಿ ಅಂದರೆ ಹೆಗ್ಗಣ ಅಲ್ಲ, ಸುಂಡಿಲಿ. ತೂಕ 20ರಿಂದ 30 ಗ್ರಾಂ. ಮೂರು ವಾರಕ್ಕೆ ಮರಿ ಹಾಕುತ್ತದೆ, ಆ ಮರಿ ಆರರಿಂದ ಎಂಟು ವಾರಕ್ಕೆ ತಾನೇ ಮರಿ ಹಾಕುವಷ್ಟು ದೊಡ್ಡದಾಗುತ್ತದೆ. ನಮ್ಮ ಜೀನುಗಳಲ್ಲಿ ಬಹುಪಾಲಿಗೆ ಇಲಿಯಲ್ಲಿ ಜೋಡಿ ಇದೆ. ಹಣ್ಣುನೊಣ ಇನ್ನೂ ಅಗ್ಗ. ಮೈಸೂರು ವಿಶ್ವವಿದ್ಯಾಲಯದಲ್ಲಿ ಅದರ ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆ. ಆದರೆ ನೊಣಕ್ಕೆ ನಮ್ಮಂಥ ಶಂಖದಾಕಾರದ ಒಳಕಿವಿ ಇಲ್ಲ. ಇಲಿಗೆ ಇದೆ.

ಜೀನ್ ಇದೆಯಾ ಅಂತ ನೋಡಿದರೆ ಸಾಲದು. ಅದು ಇಲಿಯ ದೇಹದಲ್ಲಿ ಎಲ್ಲೆಲ್ಲಿ ಕೆಲಸ ಮಾಡುತ್ತಿದೆ ಅನ್ನುವ ಪಟ್ಟಿ ಮಾಡಿಕೊಳ್ಳಬೇಕು. ಕನೆಕ್ಸಿನ್ 26 ಒಳಕಿವಿಯಲ್ಲಿದೆ, ಚರ್ಮದಲ್ಲಿದೆ, ಯಕೃತ್ತಿನಲ್ಲಿದೆ, ಬಸಿರಿನಲ್ಲಿ ಮರಿಗೆ ಆಹಾರ ದಾಟಿಸುವ ಇಲಿಯ ಮಾಸಿನಲ್ಲೂ ಇದೆ. ಮಾಸು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಅನುಮತಿ

ಸುಮ್ನೆ ಯಾರೂ ಇಲಿ ಹಿಡಿದು ಪ್ರಯೋಗ ಮಾಡುವಂತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ ಪ್ರತಿ ಸಂಸ್ಥೆಯಲ್ಲೂ ಒಂದು ನೈತಿಕ ಸಮಿತಿ ಇರಬೇಕು. ಎಷ್ಟು ಇಲಿ ಬೇಕು, ಯಾಕೆ ಅಷ್ಟೇ ಬೇಕು, ನೋವು ಕಡಿಮೆ ಮಾಡಲು ಏನು ಮಾಡುತ್ತೀರಿ, ಇಲಿ ಇಲ್ಲದೆ ಆಗುವುದಿಲ್ಲವಾ ಅಂತ ಆ ಸಮಿತಿ ಕೇಳುತ್ತದೆ. ಇದನ್ನು ಬರೀ ಕಾಗದದ ಕೆಲಸ ಅಂತ ನೋಡಬಾರದು. ಒಂದು ಜೀವ ತೆಗೆಯುವ ಮೊದಲು ಕಾರಣ ಹೇಳಲೇಬೇಕು.

ಕತ್ತರಿ ಹಾಕುವುದು

ಮೊದಲ ನಾಕೌಟ್ ಇಲಿಗಳು ಬಂದಿದ್ದು 1989ರಲ್ಲಿ. ಆಗಿನ ವಿಧಾನಕ್ಕೆ ತಾಳ್ಮೆ ಬೇಕಿತ್ತು. ಕಂದು ಇಲಿಯ ಭ್ರೂಣದಿಂದ ತೆಗೆದ, ದೇಹದ ಯಾವ ಭಾಗವಾಗಿ ಬೇಕಾದರೂ ಬೆಳೆಯಬಲ್ಲ ಕಾಂಡಕೋಶಗಳಲ್ಲಿ ಜೀನ್ ಕೆಡಿಸಿ, ಅವನ್ನು ಕಪ್ಪು ಇಲಿಯ ಭ್ರೂಣಕ್ಕೆ ಸೇರಿಸುತ್ತಿದ್ದರು. ಹುಟ್ಟಿದ ಮರಿಯ ಮೈಮೇಲೆ ಕಂದು ಕಪ್ಪು ಮಚ್ಚೆ ಇದ್ದರೆ ಕೋಶಗಳು ಹಿಡಿದುಕೊಂಡಿವೆ ಅಂತ ಲೆಕ್ಕ. ಈ ದಾರಿ ಮಾಡಿಕೊಟ್ಟ ಮಾರಿಯೋ ಕಪೆಕಿ, ಮಾರ್ಟಿನ್ ಇವಾನ್ಸ್, ಆಲಿವರ್ ಸ್ಮಿಥೀಸ್ ಅವರಿಗೆ 2007ರಲ್ಲಿ ನೊಬೆಲ್ ಬಂತು.

ಈಗ ಹೆಚ್ಚಾಗಿ ಕ್ರಿಸ್ಪರ್. ಕ್ಯಾಸ್9 ಅನ್ನುವ ಕತ್ತರಿ, ಅದಕ್ಕೆ ದಾರಿ ತೋರಿಸಲು 20 ಅಕ್ಷರದ ವಿಳಾಸವಿರುವ ಒಂದು ಆರ್‌ಎನ್‌ಎ ತುಂಡು. ಜೀನಿನ ಆಚೆಗೊಂದು ಈಚೆಗೊಂದು ವಿಳಾಸ ಕೊಟ್ಟರೆ ನಡುವಿನ ಭಾಗವೇ ಹಾರಿಹೋಗುತ್ತದೆ. ಇಲಿಯ ಫಲಿತ ಮೊಟ್ಟೆಗೆ ಇದನ್ನು ಸೂಕ್ಷ್ಮದರ್ಶಕದ ಕೆಳಗೆ ಗಾಜಿನ ಸೂಜಿಯಿಂದ ತುಂಬುತ್ತಾರೆ. ಆಮೇಲೆ ಮೊಟ್ಟೆಯನ್ನು ಸಾಕುತಾಯಿ ಇಲಿಯ ಒಳಗೆ ಇಡಬೇಕು. ಅವಳ ದೇಹ ಬಸಿರಿಗೆ ಸಿದ್ಧವಾಗಿರಬೇಕಲ್ವಾ? ಅದಕ್ಕೆ ಸಂತಾನಹರಣ ಮಾಡಿದ ಗಂಡಿನ ಜೊತೆ ಅವಳನ್ನು ಕೂಡಿಸಿರುತ್ತಾರೆ. ದೇಹ ಬಸಿರಾದೆ ಅಂದುಕೊಳ್ಳುತ್ತದೆ, ಇಟ್ಟ ಮೊಟ್ಟೆಯನ್ನು ತನ್ನದೆಂದೇ ಸಾಕುತ್ತದೆ.

ಹುಟ್ಟಿದ ಮೊದಲ ಮರಿಗಳನ್ನು ನಂಬಬಾರದು. ಮೊಟ್ಟೆ ಎರಡಾಗಿ ನಾಲ್ಕಾಗಿ ಒಡೆದ ಮೇಲೂ ಕತ್ತರಿ ಕೆಲಸ ಮಾಡಿರಬಹುದು. ಆಗ ಒಂದೇ ಮರಿಯ ದೇಹದಲ್ಲಿ ಕೆಲವು ಕೋಶಗಳಲ್ಲಿ ಜೀನ್ ಹೋಗಿದೆ, ಕೆಲವುಗಳಲ್ಲಿ ಉಳಿದಿದೆ. ಕತ್ತರಿ ಬೇರೆ ಕಡೆ ಬಿದ್ದಿರುವ ಅಪಾಯವೂ ಇದೆ. ಅದಕ್ಕೇ ಇವನ್ನು ಮಾಮೂಲಿ ಇಲಿಗಳ ಜೊತೆ ಕೂಡಿಸಿ, ಒಂದು ಒಳ್ಳೆ ಪ್ರತಿ ಒಂದು ಕೆಟ್ಟ ಪ್ರತಿ ಇರುವ ಮರಿಗಳನ್ನು ಪಡೆಯುತ್ತಾರೆ. ಅಂಥ ಗಂಡು ಹೆಣ್ಣನ್ನು ಮತ್ತೆ ಕೂಡಿಸುತ್ತಾರೆ. ಸೂಜಿ ಹಾಕಿದ ದಿನದಿಂದ ಇಲ್ಲಿಗೆ ಬರಲು ಸುಮಾರು ಆರು ತಿಂಗಳು. ಅದೂ ಎಲ್ಲ ಸರಿಹೋದರೆ.

ಮರಿಗಳನ್ನು ಎಣಿಸುವುದು

ನನಗೆ ತುಂಬ ಇಷ್ಟವಾದ ಹಂತ ಇದು, ಯಾಕೆಂದರೆ ಇಲ್ಲಿ ದೊಡ್ಡ ಯಂತ್ರ ಬೇಡ, ಲೆಕ್ಕ ಗೊತ್ತಿದ್ದರೆ ಸಾಕು.

ಮರಿಯ ಕಿವಿಯಂಚಿನಿಂದ ಎರಡು ಮಿಲಿಮೀಟರ್ ಅಗಲದ ಚೂರು ತೆಗೆಯುತ್ತಾರೆ. ಆ ತೂತೇ ಇಲಿಯ ಗುರುತು ಕೂಡ. ಚೂರನ್ನು ಕರಗಿಸಿ ಡಿಎನ್‌ಎ ತೆಗೆದು, ಪಿಸಿಆರ್ ಯಂತ್ರದಲ್ಲಿ ನಮಗೆ ಬೇಕಾದ ಜಾಗವನ್ನು ಕೋಟಿಗಟ್ಟಲೆ ನಕಲು ಮಾಡುತ್ತಾರೆ. ಅದನ್ನು ಅಗರೋಸ್ ಜೆಲ್ಲಿನ ಗುಳಿಗೆ ಹಾಕಿ ಕರೆಂಟ್ ಕೊಟ್ಟರೆ, ಚಿಕ್ಕ ತುಂಡು ಮುಂದೆ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಉದಾಹರಣೆಗೆ ಮಾಮೂಲಿ ಜೀನಿನ ತುಂಡು 800 ಅಕ್ಷರ, ಅದರಲ್ಲಿ ನಾವು ಕತ್ತರಿಸಿ ತೆಗೆದದ್ದು 300 ಅಂದುಕೊಳ್ಳಿ. ನೀಲಿ ಬೆಳಕಿನಲ್ಲಿ ನೋಡಿದರೆ ಮಾಮೂಲಿ ಇಲಿಗೆ 800ರ ಜಾಗದಲ್ಲಿ ಒಂದೇ ಗೆರೆ. ನಾಕೌಟ್ ಇಲಿಗೆ 500ರಲ್ಲಿ ಒಂದೇ ಗೆರೆ. ಎರಡೂ ಗೆರೆ ಕಂಡರೆ ಅದು ಅರ್ಧ ಅರ್ಧ.

ಮೆಂಡೆಲ್ ಲೆಕ್ಕದ ಪ್ರಕಾರ ನಾಲ್ಕು ಮರಿಯಲ್ಲಿ ಒಂದು ನಾಕೌಟ್ ಆಗಬೇಕು. ಮನೆಯಲ್ಲೇ ಮಾಡಿ ನೋಡಿ. ಒಂದು ನಾಣ್ಯ ಅಪ್ಪ, ಒಂದು ಅಮ್ಮ, ಹಿಂದುಮುಖ ಅಂದರೆ ಕೆಟ್ಟ ಪ್ರತಿ. ಎರಡು ನಾಣ್ಯ ಒಟ್ಟಿಗೆ ಚಿಮ್ಮಿ, ಎರಡೂ ಹಿಂದುಮುಖ ಬಿದ್ದರೆ ಅದು ನಾಕೌಟ್ ಮರಿ. 8 ಸಲ ಚಿಮ್ಮಿದರೆ ಒಂದು ಸಲವೂ ಹಾಗೆ ಬೀಳದೆ ಇರಬಹುದು, ಹತ್ತರಲ್ಲಿ ಒಬ್ಬರಿಗೆ ಹಾಗಾಗುತ್ತದೆ. 40 ಸಲ ಚಿಮ್ಮಿಯೂ ಒಮ್ಮೆಯೂ ಬೀಳಲಿಲ್ಲ ಅಂದರೆ? ಅದು ಲಕ್ಷಕ್ಕೆ ಒಂದು ಸಲ ಆಗುವ ಮಾತು. ಅಂದರೆ 40 ಮರಿ ಹುಟ್ಟಿ ಒಂದೂ ನಾಕೌಟ್ ಇಲ್ಲದಿದ್ದರೆ, ಅವು ಹೊಟ್ಟೆಯಲ್ಲೇ ಸಾಯುತ್ತಿವೆ.

ಜಿಜೆಬಿ2 ತೆಗೆದಾಗ ಆಗಿದ್ದು ಇದೇ. 1998ರಲ್ಲಿ ಜರ್ಮನಿಯ ಸಂಶೋಧಕರು ವರದಿ ಮಾಡಿದ ಪ್ರಕಾರ, ಎರಡೂ ಪ್ರತಿ ಇಲ್ಲದ ಭ್ರೂಣಗಳು ಬಸಿರಿನ 11ನೇ ದಿನದ ಹೊತ್ತಿಗೆ ಸತ್ತುಹೋದವು. ಇಲಿಯ ಮಾಸಿನಲ್ಲಿ ತಾಯಿಯ ರಕ್ತದಿಂದ ಸಕ್ಕರೆ ಎರಡು ಪದರ ದಾಟಿ ಮರಿಗೆ ಹೋಗಬೇಕು, ಆ ಪದರಗಳ ನಡುವಿನ ದಾರಿ ಕನೆಕ್ಸಿನ್ 26. ದಾರಿ ಇಲ್ಲ, ಸಕ್ಕರೆ ಸಾಲಲಿಲ್ಲ. ಮನುಷ್ಯರ ಮಾಸಿನಲ್ಲಿ ಆ ಜಾಗದಲ್ಲಿ ಒಂದೇ ಪದರ. ಹಾಗಾಗಿ ಈ ಜೀನ್ ಇಲ್ಲದ ನಮ್ಮ ಮಕ್ಕಳು ಗುಂಡಗೆ, ಆರೋಗ್ಯವಾಗಿ ಹುಟ್ಟುತ್ತಾರೆ, ಕಿವಿ ಮಾತ್ರ ಕೇಳುವುದಿಲ್ಲ. ಒಂದೇ ಜೀನ್, ಎರಡು ದೇಹದಲ್ಲಿ ಎರಡು ಕಥೆ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೂ ಹಾಗೇ ಅಂತ ಯಾರಾದರೂ ಹೇಳಿದರೆ ನಾನು ಈ ಮಾಸನ್ನು ನೆನೆಯುತ್ತೇನೆ.

ದೊಡ್ಡ ನಾಲೆ ಬಿಟ್ಟು, ಒಂದೇ ತೂಬು

ಮೇಲಿನ ನಾಲೆಯನ್ನೇ ಮುಚ್ಚಿದರೆ ಗದ್ದೆ ಮಾತ್ರ ಅಲ್ಲ, ಊರಿನ ದನಕರುಗಳಿಗೂ ನೀರಿಲ್ಲ. ಒಂದು ಗದ್ದೆಯ ವಿಷಯ ಬೇಕಿದ್ದರೆ ಆ ಗದ್ದೆಯ ತೂಬು ಮಾತ್ರ ಮುಚ್ಚಬೇಕು. ಇದಕ್ಕೆ ಎರಡು ಇಲಿ ತಳಿ ಬೇಕು.

ಒಂದರಲ್ಲಿ ಜೀನಿನ ಆಚೀಚೆ ಲಾಕ್ಸ್‌ಪಿ ಅನ್ನುವ 34 ಅಕ್ಷರದ ಗುರುತು ನೆಟ್ಟಿರುತ್ತಾರೆ. ಗುರುತು ಇದ್ದರೂ ಜೀನ್ ಚೆನ್ನಾಗೇ ಕೆಲಸ ಮಾಡುತ್ತದೆ. ಇನ್ನೊಂದು ತಳಿಯಲ್ಲಿ ಕ್ರೀ ಅನ್ನುವ ಕಿಣ್ವ, ಬ್ಯಾಕ್ಟೀರಿಯಾಕ್ಕೆ ಅಂಟುವ ವೈರಸ್ಸಿನಿಂದ ತಂದದ್ದು. ಎರಡು ಗುರುತಿನ ನಡುವೆ ಏನಿದೆಯೋ ಅದನ್ನು ಕಿತ್ತು ಹಾಕುವುದು ಇದರ ಕೆಲಸ. ಈ ಕ್ರೀಯನ್ನು ಒಳಕಿವಿಯ ಕೋಶಗಳಲ್ಲಿ ಮಾತ್ರ ಹೊತ್ತಿಕೊಳ್ಳುವ ಸ್ವಿಚ್ಚಿಗೆ ಕಟ್ಟಿರುತ್ತಾರೆ. ಎರಡೂ ತಳಿ ಕೂಡಿದ ಮರಿಯಲ್ಲಿ ಮಾಸು, ಚರ್ಮ, ಯಕೃತ್ತು ಎಲ್ಲ ಸರಿ. ಕಿವಿಯಲ್ಲಿ ಮಾತ್ರ ಜೀನ್ ಇಲ್ಲ.

2002ರಲ್ಲಿ ಪ್ಯಾರಿಸ್ಸಿನ ತಂಡ ಹೀಗೆ ಮಾಡಿದಾಗ ಮರಿಗಳು ಬದುಕಿದವು, ಆದರೆ ಕಿವಿ ಮಂದವಾಗಿತ್ತು. ಮತ್ತೆ, ಯಾರೂ ಮಗುವಿನಲ್ಲಿ ನೋಡಲು ಸಾಧ್ಯವಿಲ್ಲದ್ದನ್ನು ಅವರು ನೋಡಿದರು. ಒಳಕಿವಿ ಸರಿಯಾಗೇ ಬೆಳೆದಿತ್ತು. ಇಲಿಮರಿಗೆ ಕಿವಿ ಕೇಳಲು ಶುರುವಾಗುವುದು ಹುಟ್ಟಿದ ಸುಮಾರು 12 ದಿನಕ್ಕೆ. 14ನೇ ದಿನಕ್ಕೆ ಕೋಶಗಳು ಸಾಯತೊಡಗಿದವು. ಮೊದಲು ಸತ್ತಿದ್ದು ಶಬ್ದ ಹಿಡಿಯುವ ಕೂದಲುಕೋಶಗಳಲ್ಲ, ಅವುಗಳಿಗೆ ಒತ್ತಾಸೆಯಾಗಿ ಸುತ್ತ ನಿಂತ ಕೋಶಗಳು. ಆಮೇಲೆ ಸಾವು ಉಳಿದವಕ್ಕೂ ಹರಡಿತು. ಕಟ್ಟಡ ಕೆಟ್ಟು ಕಟ್ಟಿದ್ದಲ್ಲ, ಕಟ್ಟಿದ ಮೇಲೆ ಕುಸಿದದ್ದು.

ಕಿವಿ ಕೇಳುತ್ತದಾ ಅಂತ ಇಲಿಯನ್ನು ಕೇಳುವುದು

ನಮ್ಮ ಕೂಸಿಗೆ ಮಾಡಿದ್ದು ಇದೇ ಪರೀಕ್ಷೆ. ನಿದ್ದೆ ಬರಿಸಿ, ಹಣೆಗೆ ಮತ್ತು ಕಿವಿಯ ಹಿಂದೆ ತಂತಿ ಅಂಟಿಸಿ, ಕಿವಿಗೆ ಟಿಕ್ ಟಿಕ್ ಶಬ್ದ ಕೊಟ್ಟು, ಮಿದುಳಿನ ಬುಡದಿಂದ ಬರುವ ಅಲೆ ನೋಡಿದರು. ಇಲಿಗೆ ಅರಿವಳಿಕೆ ಕೊಟ್ಟು, ಚರ್ಮದ ಕೆಳಗೆ ಕೂದಲೆಳೆಯಂಥ ಮೂರು ಸೂಜಿ ಇಟ್ಟು ಮಾಡುತ್ತಾರೆ. 90 ಡೆಸಿಬೆಲ್‌ನಿಂದ ಐದೈದು ಇಳಿಸುತ್ತಾ ಬರುತ್ತಾರೆ. ಪರದೆಯ ಮೇಲಿನ ಉಬ್ಬುಗಳು ಚಿಕ್ಕದಾಗುತ್ತಾ ಹೋಗಿ ಒಂದು ಕಡೆ ಮಾಯವಾಗುತ್ತವೆ. ಅಲ್ಲಿಗೆ ಆ ಇಲಿಯ ಕೇಳುವ ಮಿತಿ.

ಹೋಲಿಸಬೇಕಾದ್ದು ಅದೇ ಸೂಲಿನ ಒಡಹುಟ್ಟಿದವರ ಜೊತೆ. ಲ್ಯಾಬುಗಳಲ್ಲಿ ತುಂಬ ಬಳಸುವ ಕಪ್ಪು ಇಲಿ ತಳಿಗೆ ಬೇರೊಂದು ಜೀನಿನ ದೋಷದಿಂದ ವಯಸ್ಸಾದಂತೆ ಕಿವಿ ತಾನಾಗೇ ಮಂದವಾಗುತ್ತದೆ. ಇದನ್ನು ಮರೆತು ವಯಸ್ಸಾದ ಇಲಿಗಳಲ್ಲಿ ಅಳೆದರೆ, ನಾವು ತೆಗೆದ ಜೀನಿನ ಮೇಲೆ ಬೇರೆಯದರ ಪಾಪ ಹೊರಿಸಿದಂತೆ. ಅಳೆಯುವವರಿಗೆ ಯಾವುದು ನಾಕೌಟ್ ಅಂತ ಗೊತ್ತಿರಬಾರದು, ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ.

ಏನೂ ಬದಲಾಗದಿದ್ದರೆ? ಜೀನಿಗೆ ಕೆಲಸವೇ ಇಲ್ಲ ಅಂತ ಅಲ್ಲ. ತೂಬು ಮುಚ್ಚಿದರೂ ಪಕ್ಕದ ಗದ್ದೆಯ ಬಸಿನೀರು ಬಂದು ಪೈರು ಉಳಿಯುವುದುಂಟು. ಅದೇ ಕುಟುಂಬದ ಇನ್ನೊಂದು ಜೀನ್ ಕೆಲಸ ವಹಿಸಿಕೊಂಡಿರಬಹುದು. ಆಗ ಎರಡನ್ನೂ ತೆಗೆದು ನೋಡಬೇಕು.

ತೂಬು ಮತ್ತೆ ತೆರೆಯುವುದು

ಮುಚ್ಚಿದಾಗ ಒಣಗಿತು ಅನ್ನುವುದು ಅರ್ಧ ಸಾಕ್ಷಿ. ತೆರೆದಾಗ ಹಸಿರಾಯಿತಾ? ಹಾಗಾಗಿ ಕೊನೆಗೆ ಒಳ್ಳೆಯ ಜೀನನ್ನು ಇಲಿಗೆ ವಾಪಸ್ ಕೊಡುತ್ತಾರೆ. ಒಟೋಫೆರ್ಲಿನ್ ಅನ್ನುವ ಇನ್ನೊಂದು ಕಿವಿ ಜೀನಿನಲ್ಲಿ ಇದು ಬಹಳ ಚೆನ್ನಾಗಿ ಫಲಿಸಿದೆ. ಅದಿಲ್ಲದ ಇಲಿಯಲ್ಲಿ ಕೂದಲುಕೋಶಗಳು ಬದುಕಿಯೇ ಇರುತ್ತವೆ, ನರಕ್ಕೆ ಸುದ್ದಿ ದಾಟಿಸುವುದಿಲ್ಲ ಅಷ್ಟೇ. ನಿರುಪದ್ರವಿ ವೈರಸ್ಸಿನಲ್ಲಿ ಜೀನ್ ತುಂಬಿ ಕೊಟ್ಟಾಗ ಇಲಿಗಳಿಗೆ ಕೇಳಿಸಿತು. 2024ರ ಜನವರಿಯಲ್ಲಿ ಶಾಂಘೈನಿಂದ ವರದಿ ಬಂತು. ಚಿಕಿತ್ಸೆ ಪಡೆದ ಆರು ಮಕ್ಕಳಲ್ಲಿ ಐವರಿಗೆ ಶ್ರವಣ ಬಂದಿತ್ತು. ಅದನ್ನು ಓದಿದ ದಿನ ನನ್ನ ಕಣ್ಣು ಒದ್ದೆಯಾಗಿತ್ತು.

ಜಿಜೆಬಿ2 ವಿಷಯದಲ್ಲಿ ಕೆಲಸ ಕಷ್ಟ. ಇಲಿ ತೋರಿಸಿದಂತೆ ಇಲ್ಲಿ ಕೋಶಗಳೇ ಸಾಯುತ್ತವೆ, ಸತ್ತ ಕೋಶಕ್ಕೆ ಜೀನ್ ಕೊಟ್ಟು ಉಪಯೋಗವಿಲ್ಲ. ಆದರೆ ಕೆಟ್ಟಿರುವುದು ಶಂಖದೊಳಗೆ. ಮಿದುಳಿಗೆ ಹೋಗುವ ನರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅದಕ್ಕೇ ಈ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಬ್ದವನ್ನು ಕರೆಂಟಾಗಿ ಮಾಡಿ ನೇರವಾಗಿ ಆ ನರಕ್ಕೆ ಮುಟ್ಟಿಸುವ ಸಾಧನ ಹಾಕಿಸಿ, ಮಾತಿನ ತರಬೇತಿ ಕೊಡಿಸಿದರೆ ಒಳ್ಳೆ ಫಲ ಸಿಗುತ್ತದೆ. ಚಿಕ್ಕಮ್ಮ ಇದನ್ನು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗುವಿನ ಟೋಪಿ ಸರಿಮಾಡುತ್ತಾ, ಇಂಪ್ಲಾಂಟಿಗೆ ಅರ್ಜಿ ಯಾವ ಕೌಂಟರಿನಲ್ಲಿ ಕೊಡುತ್ತಾರೆ ಅಂತ ಕೇಳಿದರು.