ಒಂದೇ ಹಸಿರುಮನೆ, ಮೂರು ಕುಂಬಳ: ನನ್ನ ಲೆಕ್ಕ ತಪ್ಪಿದ್ದು ಎಲ್ಲಿ

ಸತತ ಎರಡು ಹಂಗಾಮು ಒಂದೇ ಹಸಿರುಮನೆಯೊಳಗೆ ಮೂರು ಬಗೆಯ ವಿಂಟರ್ ಸ್ಕ್ವಾಶ್ (ಪೂರ್ತಿ ಬಲಿತ ಮೇಲೆ ಕೊಯ್ದು ಕೂಡಿಡುವ ಗಟ್ಟಿ ಸಿಪ್ಪೆಯ ಕುಂಬಳ) ಬೆಳೆದೆ: ಏಕಾರ್ನ್, ಬಟರ್‌ನಟ್, ಕಬೋಚಾ. ನೋಡಿದವರಿಗೆ ಮೂರೂ ಕುಂಬಳವೇ. ಆದರೆ ಏಕಾರ್ನ್ ಕುಕುರ್ಬಿಟಾ ಪೆಪೊ, ಬಟರ್‌ನಟ್ ಮೊಸ್ಕಾಟಾ, ಕಬೋಚಾ ಮ್ಯಾಕ್ಸಿಮಾ. ಮೂರೂ ಬೇರೆ ಬೇರೆ ಪ್ರಭೇದಗಳು. ಹೋಲಿಸುವುದಕ್ಕೆಂದೇ ಬಿತ್ತನೆಯ ದಿನ, ಮಣ್ಣು, ಗೊಬ್ಬರ, ಹನಿ ನೀರು, ಸಾಲಿನ ಅಂತರ ಎಲ್ಲವನ್ನೂ ಸಮನಾಗಿ ಇಟ್ಟಿದ್ದೆ. ಪಕ್ಕದ ಕವಲುಗಳನ್ನು ಚಿವುಟಿ, ಒಂದೊಂದೇ ಬಳ್ಳಿಯನ್ನು ದಾರಕ್ಕೆ ಹಬ್ಬಿಸಿದೆ.

ಮೊದಲ ತಿಂಗಳು ಕಬೋಚಾದ ಎಲೆಗಳ ಅಗಲ ಕಂಡು ಈ ಸಾಲೇ ಗೆಲ್ಲುತ್ತದೆ ಎಂದುಕೊಂಡೆ. ಎಲೆಯ ಸೊಂಪು ನೋಡಿ ಕಾಯಿಯನ್ನು ಅಂದಾಜಿಸಲಾಗದೆಂದು ಆಮೇಲೆ ತಿಳಿಯಿತು. ಹೋಲಿಕೆಗೆ ನಿಜವಾಗಿ ನೆರವಾದದ್ದು ಬಣ್ಣದ ನೂಲು. ಪ್ರತಿ ಬಳ್ಳಿಯಲ್ಲಿ ಮೊದಲ ಹೆಣ್ಣು ಹೂ ಬಂದ ಗೆಣ್ಣಿಗೆ ನೂಲು ಕಟ್ಟಿ, ದಿನಾಂಕ ಬರೆದಿಟ್ಟೆ. ಮೂರರಲ್ಲೂ ಮೊದಲು ಗಂಡು ಹೂಗಳೇ ಅರಳಿದವು. ಅದು ಕುಂಬಳದ ಸ್ವಭಾವ, ಗಾಬರಿಯಾಗಬೇಕಿಲ್ಲ. ಹೆಣ್ಣು ಹೂ ಏಕಾರ್ನ್‌ನಲ್ಲಿ ಎಲ್ಲಕ್ಕಿಂತ ಮೊದಲು ಬಂತು, ಬಟರ್‌ನಟ್‌ನಲ್ಲಿ ಎಲ್ಲಕ್ಕಿಂತ ಕೊನೆಗೆ. ಒಳಗೆ ಸೆಖೆ ಏರಿದ ವಾರಗಳಲ್ಲಿ ಗಂಡು ಹೂಗಳು ಹೆಚ್ಚಾಗಿ, ಹೆಣ್ಣು ಮೊಗ್ಗುಗಳು ಅರಳುವ ಮೊದಲೇ ಹಳದಿಯಾಗಿ ಉದುರಿದವು. ಬದಿಯ ಪರದೆಗಳನ್ನು ಬೆಳಿಗ್ಗೆಯೇ ಎತ್ತಲು ಶುರುಮಾಡಿದ ಮೇಲೆ ಅದು ತಗ್ಗಿತು.

ಕುಂಬಳದ ಪರಾಗ ಅಂಟಂಟು, ಭಾರ, ಗಾಳಿಗೆ ಹಾರುವುದಿಲ್ಲ. ಮುಚ್ಚಿದ ಮನೆಯೊಳಗೆ ಜೇನ್ನೊಣವಿಲ್ಲದಿದ್ದರೆ ಅದನ್ನು ಹೆಣ್ಣು ಹೂವಿಗೆ ಮುಟ್ಟಿಸುವ ಕೆಲಸ ನಮ್ಮ ಕೈಯದೇ. ಗಂಡು ಹೂವನ್ನು ಕಿತ್ತು, ದಳಗಳನ್ನು ಹರಿದು, ಹಳದಿ ಹುಡಿ ಮೆತ್ತಿದ ಕೇಸರವನ್ನು ಹೆಣ್ಣು ಹೂವಿನ ಶಲಾಕಾಗ್ರದ (ನಡುವೆ ಪರಾಗ ಹಿಡಿಯುವ ಅಂಟು ತುದಿಯ) ಮೂರೂ ಸೀಳುಗಳಿಗೆ ಮೆಲ್ಲಗೆ ಸವರುತ್ತಿದ್ದೆ. ಒಂದು ಸೀಳು ಬಿಟ್ಟುಹೋದರೆ ಕಾಯಿ ಒಂದು ಕಡೆ ಸೊಟ್ಟಗಾಗುವುದನ್ನು ಕಂಡಿದ್ದೇನೆ. ಹೂ ಅರಳುವುದು ನಸುಕಿಗೆ, ಬಿಸಿಲೇರುವ ಹೊತ್ತಿಗೆ ಬಾಡಿ ಮುದುಡುತ್ತದೆ. ಮರುದಿನಕ್ಕೆ ಉಳಿಯುವುದಿಲ್ಲ.

ನಾನು ಸಮನಾಗಿಡಲು ಮರೆತದ್ದು ಈ ಹೊತ್ತನ್ನೇ. ಮೊದಲ ಹಂಗಾಮಿನಲ್ಲಿ ದಿನವೂ ಬಾಗಿಲ ಬಳಿಯ ಏಕಾರ್ನ್ ಸಾಲಿನಿಂದ ಆರಂಭಿಸಿ, ಬಟರ್‌ನಟ್ ಮುಗಿಸಿ, ತುದಿಯ ಕಬೋಚಾ ತಲುಪುವಾಗ ಹೂಗಳ ಬಾಯಿ ಅರ್ಧ ಮುಚ್ಚಿರುತ್ತಿತ್ತು. ಕಬೋಚಾದ ಹೀಚುಗಳು ಸಾಲುಸಾಲಾಗಿ ಉದುರಿದವು. ಈ ತಳಿ ಹಸಿರುಮನೆಗೆ ಆಗದು ಎಂದು ಪುಸ್ತಕದಲ್ಲಿ ಬರೆದೂಬಿಟ್ಟೆ. ಎರಡನೆಯ ಹಂಗಾಮಿನಲ್ಲಿ ಒಂದು ದಿನ ಈ ತುದಿಯಿಂದ, ಮರುದಿನ ಆ ತುದಿಯಿಂದ ಶುರುಮಾಡಿದೆ. ಅದೇ ಬೀಜ, ಅದೇ ಮಣ್ಣು. ಕಬೋಚಾದ ಬಳ್ಳಿಗಳಲ್ಲಿ ಹೀಚು ನಿಂತವು. ಬರೆದದ್ದನ್ನು ಹೊಡೆದುಹಾಕಿದಾಗ ಆದ ಸಂತೋಷ ಇನ್ನೂ ನೆನಪಿದೆ.

ಬೂದಿ ರೋಗ ಮೊದಲು ಹಿಡಿದದ್ದು ಏಕಾರ್ನ್‌ನ ಕೆಳಗಿನ ಎಲೆಗಳನ್ನು. ಅವನ್ನು ತೆಗೆದು ಗಾಳಿಯಾಡಲು ಬಿಟ್ಟೆ.

ಬಲಿತದ್ದನ್ನು ಗುರುತಿಸುವ ಬಗೆ ಮೂರಕ್ಕೂ ಬೇರೆ. ನೆಲದ ಮೇಲೆ ಬೆಳೆದ ಏಕಾರ್ನ್‌ಗೆ ಮಣ್ಣು ತಾಗುವ ಜಾಗದಲ್ಲಿ ಕಿತ್ತಳೆ ಮಚ್ಚೆ ಮೂಡುತ್ತದೆ. ನನ್ನ ಕಾಯಿಗಳು ದಾರದಲ್ಲಿ ತೂಗುತ್ತಿದ್ದರಿಂದ ಆ ಗುರುತೇ ಇರಲಿಲ್ಲ. ಹೂವಿನ ದಿನಾಂಕವೇ ಗತಿ. ಬಟರ್‌ನಟ್‌ನ ತೊಟ್ಟಿನ ಸುತ್ತಲ ಹಸಿರು ಗೆರೆಗಳು ಮಾಯವಾಗಿ ಸಿಪ್ಪೆ ಪೂರ್ತಿ ತಿಳಿಕಂದು ಬಣ್ಣಕ್ಕೆ ತಿರುಗಬೇಕು. ಕಬೋಚಾದ ದುಂಡನೆಯ ತೊಟ್ಟು ಬಿರುಕು ಬಿಟ್ಟು, ಬೆಂಡಿನಂತೆ ಒಣಗುತ್ತದೆ. ಯಾವುದೇ ಆಗಲಿ, ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು.

ಕೊಯ್ಲಿನಲ್ಲಿ ಏಕಾರ್ನ್ ಮುಂದಿತ್ತು, ಕಾಯಿಗಳ ಎಣಿಕೆಯೂ ಹೆಚ್ಚು. ಆದರೆ ಕಪಾಟಿನ ಮೇಲೆ ಅದಕ್ಕೆ ತಾಳಿಕೆ ಇಲ್ಲ. ಎರಡು ತಿಂಗಳೊಳಗೆ ತಿರುಳು ನಾರುನಾರಾಗಿ ಒಣಗಿತು. ಬಟರ್‌ನಟ್ ಮೂರು ತಿಂಗಳು ಗಟ್ಟಿಯಾಗಿ ಉಳಿಯಿತು. ಕೊಯ್ದ ದಿನವೇ ಕತ್ತರಿಸಿದ ಕಬೋಚಾ ಬರೀ ಹಿಟ್ಟು ಹಿಟ್ಟು; ಅದೇ ಬಳ್ಳಿಯ ಇನ್ನೊಂದನ್ನು ಒಂದು ತಿಂಗಳು ಇಟ್ಟು ಕತ್ತರಿಸಿದಾಗ ಪಿಷ್ಟ ಸಕ್ಕರೆಯಾಗಿ ತಿರುಳು ಸಿಹಿಗಟ್ಟಿತ್ತು. ಈ ಸಲ ಕಬೋಚಾಕ್ಕೆ ಬಾಗಿಲ ಬಳಿಯ ಸಾಲು ಕೊಟ್ಟಿದ್ದೇನೆ, ಪರಾಗ ಸವರಲು ಶುರುಮಾಡುವ ತುದಿಯನ್ನು ಮಾತ್ರ ದಿನವೂ ಬದಲಿಸುತ್ತಿದ್ದೇನೆ.